ಮಾಸೂರಿನ ಹಾದಿಗೆ ಐದು ಟೈರು

ನನ್ನನ್ನು ಸೊಸೆಯಾಗಿ ಆರಿಸಲು ನಮ್ಮ ಮಾವನವರು ತೆಗೆದುಕೊಂಡದ್ದು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು. ಜೀಪಿಗೆ ಟೈರು ಆರಿಸಲು ತೆಗೆದುಕೊಂಡದ್ದು ಹತ್ತು ತಿಂಗಳು. ಇದನ್ನು ದೂರೆಂದು ಹೇಳುತ್ತಿಲ್ಲ. ಸೊಸೆ ಒಬ್ಬಳೇ, ಟೈರು ಸ್ಟೆಪ್ನಿ ಸೇರಿ ಐದು. ಅಲ್ಲದೆ ನನ್ನನ್ನು ಯಾರೂ ಕೆಸರಿನಲ್ಲಿ ಓಡಿಸಿ ನೋಡಬೇಕಾಗಿರಲಿಲ್ಲವಲ್ಲ!

ಮಾವನವರಿಗೆ ಈಗ ಅರವತ್ತೊಂಬತ್ತು. ಹಾನಗಲ್ಲಿನಲ್ಲಿ ನಮ್ಮ ಮನೆ, ಊರ ಪಕ್ಕದಲ್ಲಿ ಭತ್ತ, ಕಬ್ಬು. ವ್ಯವಹಾರದಲ್ಲಿ ಬಲು ಹುಷಾರು. ಓಣಿಯವರು ಸಲಹೆ ಕೇಳಲು ಬರುತ್ತಾರೆ. ಆದರೆ ಒಂದು ವಸ್ತು ಅವರ ತಲೆಯೊಳಗೆ ಹೊಕ್ಕಿತೆಂದರೆ ಮುಗಿಯಿತು. ಒಮ್ಮೆ ಕೊಡೆ ಕೊಳ್ಳಲು ಹೋದವರು ಅದನ್ನು ಅಂಗಡಿಯಲ್ಲೇ ಬಿಚ್ಚಿ ಹಿಡಿದು ನಿಂತು, ಮೇಲೆ ಒಂದು ಬಕೆಟು ನೀರು ಸುರಿಯಲು ಹೇಳಿದ್ದರು. ಕೊಡೆ ಸೋರಲಿಲ್ಲ. ಅಂಗಡಿಯವನ ಗಲ್ಲಾಪೆಟ್ಟಿಗೆ ತೊಯ್ದುಹೋಯಿತು.

ಟೈರಿನ ಕಥೆ ಶುರುವಾದದ್ದು ಹೋದ ವರ್ಷದ ನಾಗರಪಂಚಮಿಗೆ. ಮಾವನವರಿಗೆ ಒಬ್ಬಳೇ ಅಕ್ಕ. ಮಾಸೂರಿಗೆ ಕೊಟ್ಟದ್ದರಿಂದ ಮನೆಯಲ್ಲಿ ಎಲ್ಲರಿಗೂ ಅವರು ಮಾಸೂರಕ್ಕ. ವಯಸ್ಸು ಎಪ್ಪತ್ತಾರು ದಾಟಿದೆ. ಮಗ, ಸೊಸೆಯ ಜೊತೆ ಊರ ಹೊರಗೆ ಹೊಲದ ಮನೆಯಲ್ಲಿದ್ದಾರೆ. ಡಾಂಬರು ರಸ್ತೆಯಿಂದ ಆ ಮನೆಗೆ ಒಂದೂವರೆ ಕಿಲೋಮೀಟರು ಎರಿಮಣ್ಣಿನ ಬಂಡಿದಾರಿ. ಬೇಸಿಗೆಯಲ್ಲಿ ಅದು ಕಲ್ಲು, ಮಳೆಗಾಲದಲ್ಲಿ ಅಂಟು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮ ಕಡೆಯ ಪದ್ಧತಿ. ಆದರೆ ತಾವಾಗಿ ಬರುವುದಿಲ್ಲ. ಅಣ್ಣನೋ ತಮ್ಮನೋ ಹೋಗಿ ಹೊಸ್ತಿಲಲ್ಲಿ ನಿಂತು ಕರೆಯಬೇಕು. ಮದುವೆಯಾದಾಗಿನಿಂದ ಮಾಸೂರಕ್ಕ ಒಂದು ಪಂಚಮಿಯನ್ನೂ ತಪ್ಪಿಸಿರಲಿಲ್ಲ, ಮಾವನವರು ಒಂದು ವರ್ಷವೂ ಕರೆಯುವುದನ್ನು ತಪ್ಪಿಸಿರಲಿಲ್ಲ. ಮೊದಲು ಚಕ್ಕಡಿ, ಆಮೇಲೆ ಬಸ್ಸು, ಈಗ ಜೀಪು. ಹೂವು ಮತ್ತು ಅಕ್ಕನಿಗೆ ಕೊಡಲು ಕುಬಸದ ಬಟ್ಟೆಯ ಕಣ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂರುವುದು ನನ್ನ ಪಾಲಿನ ಕೆಲಸ.

ಹೋದ ವರ್ಷ ಮಳೆ ಜಾಸ್ತಿ. ಡಾಂಬರು ಬಿಟ್ಟು ಹತ್ತು ಮಾರು ಹೋಗುವುದರೊಳಗೆ ಜೀಪು ಅಚ್ಚಿನವರೆಗೂ ಹೂತುಕೊಂಡಿತು. ಯಾರದೋ ಟ್ರ್ಯಾಕ್ಟರು ಬಂದು ಮತ್ತೆ ರಸ್ತೆಗೆ ಎಳೆದು ಹಾಕಿತು. ಮಾವನವರು ಇಸ್ತ್ರಿ ಮಾಡಿದ ಧೋತರ ಉಟ್ಟಿದ್ದರು, ಹೊಸ ಚಪ್ಪಲಿ ಮೆಟ್ಟಿದ್ದರು. ಅಲ್ಲೇ ರಸ್ತೆಯ ಮೇಲೆ ನಿಂತು ಅಕ್ಕನಿಗೆ ಫೋನು ಹಚ್ಚಿ, ಮಗನ ಟ್ರ್ಯಾಕ್ಟರಿನಲ್ಲಿ ಇಲ್ಲಿಯವರೆಗೆ ಬಂದುಬಿಡು ಎಂದರು. ಆ ಕಡೆಯ ಉತ್ತರ ಹಿಂದಿನ ಸೀಟಿಗೂ ಕೇಳಿಸಿತು.

“ಗೊಬ್ಬರದ ಚೀಲದಂಗ ಟ್ರೇಲರ್‌ದಾಗ ಕುಂತು ಬರಾಕ ನಾನೇನು ತವರಿಲ್ಲದಾಕಿ ಏನೋ ತಮ್ಮಾ? ಕರಿಯಾಕ ಬಂದಾವ ಹೊಸ್ತಿಲಿಗೆ ಬರ್ತಾನ. ಇಲ್ಲಂದ್ರ ಮನಿಗೆ ಹೋಗ್ತಾನ.”

ಮಾವನವರು ಮನೆಗೆ ಬಂದರು.

ಅಂದಿನಿಂದ ಮಾಸೂರಕ್ಕ ತಮ್ಮನ ಜೊತೆ ಮಾತು ಬಿಟ್ಟರು. ವಾರಕ್ಕೊಮ್ಮೆ ನಮ್ಮ ಅತ್ತೆಯವರಿಗೆ ಫೋನು ಮಾಡುತ್ತಿದ್ದರು. ನನ್ನ ಮಂಡಿನೋವು, ಹಿತ್ತಲ ನುಗ್ಗೆ, ಎಮ್ಮೆ ಈಯಿತೋ ಇಲ್ಲವೋ, ಎಲ್ಲವನ್ನೂ ಕೇಳುತ್ತಿದ್ದರು. ಮನೆಯಲ್ಲಿ ಇನ್ನೂ ಒಬ್ಬರಿದ್ದಾರೆ ಎಂಬುದು ಮಾತ್ರ ಅವರಿಗೆ ನೆನಪಾಗುತ್ತಿರಲಿಲ್ಲ. ಆ ಹೊತ್ತಿಗೆ ಮಾವನವರು ಟಿವಿಯ ಸದ್ದು ಸಣ್ಣಗೆ ಮಾಡುತ್ತಿದ್ದರು. ಫೋನು ಇಟ್ಟ ಮೇಲೂ ದೊಡ್ಡದು ಮಾಡಲು ಸ್ವಲ್ಪ ಹೊತ್ತು ಮರೆಯುತ್ತಿದ್ದರು.

ಬೇರೆಯವರಾಗಿದ್ದರೆ ಹೋಗಿ ತಪ್ಪಾಯಿತು ಎನ್ನುತ್ತಿದ್ದರೇನೋ. ಮಾವನವರು ಮೂರು ದಿನ ವಿಚಾರ ಮಾಡಿ ತಪ್ಪು ಯಾರದೆಂದು ಕಂಡುಹಿಡಿದರು. ತಪ್ಪು ಟೈರಿನದು.

“ಎಲ್ಲಾ ನೆಲಕ್ಕೂ ನಡಿಯುವಂಥಾ ಟೈರ್ ಅದಾವಂತ ನೋಡವ್ವ,” ಎಂದು ನನಗೆ ಹೇಳಿದರು. “ಆಲ್ ಟೆರೇನ್ ಅಂತಾರಂತ. ಮುಂದಿನ ಪಂಚಮಿಗೆ ಜೀಪು ಅಕ್ಕನ ಕಟ್ಟಿಗೇ ಹೋಗಿ ನಿಲ್ಲಬೇಕು.”

ಅಂದಿನಿಂದ ನನ್ನ ಇಂಗ್ಲಿಷಿಗೆ ಕೆಲಸ ಹತ್ತಿತು. ನಾನು ಹುಬ್ಬಳ್ಳಿಯ ಒಂದು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರುಗಳು ನಮಗೆ ಕಸೂತಿ, ಪತ್ರ ಬರೆಯುವ ಕ್ರಮ, ಮೆಟ್ಟಿಲಿಳಿಯುವಾಗ ಸದ್ದಾಗದಂತೆ ಹೆಜ್ಜೆಯಿಡುವುದು ಎಲ್ಲವನ್ನೂ ಕಲಿಸಿದ್ದರು. ಟೈರಿನ ವಿಷಯ ಬಂದಿರಲಿಲ್ಲ. ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದರೆ ಮಾವನವರು ಹಿಟ್ಟಿನ ಡಬ್ಬಿಗೆ ಫೋನು ಆನಿಸಿ ವಿಡಿಯೋ ಹಚ್ಚುತ್ತಿದ್ದರು. ಅದರಲ್ಲಿ ಟೋಪಿ ಹಾಕಿದ ಒಬ್ಬ ಬಿಳಿಯ ದೊರೆ ಮರಳುಗಾಡಿನಲ್ಲಿ, ಬಂಡೆಗಳ ಮೇಲೆ, ಹೊಳೆಯೊಳಗೆ ಗಾಡಿ ಹಾಯಿಸುತ್ತ ಟೈರಿನ ಗುಣಗಾನ ಮಾಡುತ್ತಿದ್ದ. ಕಣ್ಣು ಹಂಚಿನ ಮೇಲೆ, ಕಿವಿ ದೊರೆಯ ಮೇಲೆ ಇಟ್ಟು ನಾನು ಅದನ್ನು ಕನ್ನಡಕ್ಕೆ ತರಬೇಕು. ಆ ದಿನಗಳ ರೊಟ್ಟಿಗಳು ಯಾಕೆ ಸೀಯುತ್ತಿದ್ದವೆಂದು ನನ್ನ ಗಂಡನಿಗೆ ಇಂದಿಗೂ ಗೊತ್ತಿಲ್ಲ.

“ಅಲ್ಲಿ ಎರಿಹೊಲ ಅದಾವೇನು, ಕೇಳು ಅಂವಗ,” ಎಂದರು ಒಂದು ದಿನ.

ವಿಡಿಯೋದಲ್ಲಿರುವವರನ್ನು ಹಾಗೆ ಕೇಳಲು ಬರುವುದಿಲ್ಲ ಎಂದೆ. ಕೆಳಗೆ ಇಷ್ಟು ಮಂದಿ ಬರೆದಿದ್ದಾರಲ್ಲ ಎಂದು ಬೆರಳಿಟ್ಟು ತೋರಿಸಿದರು. ನಾನು ಕೈ ತೊಳೆದುಕೊಂಡು ಕುಳಿತು, ಕಾನ್ವೆಂಟಿನ ಕ್ರಮದಲ್ಲೇ ‘ಮಾನ್ಯರೇ’ ಎಂದು ಆರಂಭಿಸಿ, ಹಿರೇಕೆರೂರು ತಾಲೂಕಿನ ಎರಿಮಣ್ಣಿಗೆ ಈ ಟೈರು ಒಗ್ಗೀತೇ ಎಂದು ವಿಚಾರಿಸಿ, ‘ತಮ್ಮ ವಿಶ್ವಾಸಿ’ ಎಂದು ಮುಗಿಸಿದೆ. ನಾಲ್ಕು ದಿನದ ಮೇಲೆ ದೊರೆಯ ಉತ್ತರ ಬಂತು. ಒಂದು ಹೆಬ್ಬೆರಳಿನ ಚಿತ್ರ. ಮಾವನವರು ಕನ್ನಡಕ ಏರಿಸಿ ಆ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದರು.

“ಒಗ್ಗತೈತಿ ಅಂತಾನೋ, ಇಲ್ಲಾ ಒಂದು ಸಹಿ ಹಾಕ್ಯಾನೋ?”

ಹೆಬ್ಬೆಟ್ಟಿನ ಸಹಿಯವನನ್ನು ನಂಬಿ ಟೈರು ಕೊಳ್ಳುವುದು ಹೇಗೆ? ತಾವೇ ಅಂಗಡಿಗಳಿಗೆ ಹೊರಟರು. ಓದಿ ಹೇಳಲು ನನ್ನನ್ನೂ ಕರೆದೊಯ್ದರು. ಶಿಗ್ಗಾಂವಿಯಲ್ಲಿ ಒಂದು ಟೈರು ಅವರಿಗೆ ಹಿಡಿಸಿತು. ಉಗುರಿನಿಂದ ಒತ್ತಿದರು, ಮೂಸಿದರು, ಮಗ್ಗುಲಿಗೆ ಮಲಗಿಸಿ ಮೇಲೆ ಕುಳಿತು ನೋಡಿದರು. ಮಗ್ಗುಲಿನ ಎರಡು ಇಂಗ್ಲಿಷ್ ಅಕ್ಷರಗಳು ಏನೆಂದು ನನ್ನನ್ನು ಕೇಳಿದರು. ಒಂದು ಕೆಸರಿಗೆ, ಇನ್ನೊಂದು ಹಿಮಕ್ಕೆ ಎಂದೆ. ಮಾವನವರು ಟೈರಿನಿಂದ ಎದ್ದರು.

“ಅರ್ಧ ಟೈರ್ ಹಿಮಕ್ಕ ಹೋತು. ಉಳದ ಅರ್ಧದಾಗ ಮಾಸೂರು ಮುಟ್ಟೋದು ಹ್ಯಾಂಗ?”

ಅಂಗಡಿಯವನು ಎಷ್ಟು ತಿಳಿಹೇಳಿದರೂ ಕೇಳಲಿಲ್ಲ. ಮರಳಿ ಬರುವಾಗ ದಾರಿಯುದ್ದಕ್ಕೂ, ನಮ್ಮ ಭಾಗದಲ್ಲಿ ಹಿಮ ಬೀಳುವ ಸಂಭವ ಎಷ್ಟು ಎಂದು ನನ್ನನ್ನು ಕೇಳುತ್ತಲೇ ಇದ್ದರು. ಇಲ್ಲವೇ ಇಲ್ಲ ಎಂದರೆ ಬೇಸರ, ಇದೆ ಎನ್ನಲು ನನಗೆ ಧೈರ್ಯವಿಲ್ಲ.

ಆಮೇಲೆ ಅವರಿಗೆ ಹೊಳೆದ ಉಪಾಯ ಟೈರಿನ ಚರಿತ್ರೆಯಲ್ಲೇ ಹೊಸದಿರಬೇಕು. ಬೇಸಿಗೆಯಲ್ಲಿ ಒಬ್ಬರೇ ಮಾಸೂರಿಗೆ ಹೋಗಿ, ಬಂಡಿದಾರಿ ಶುರುವಾಗುವಲ್ಲಿ ಮಣ್ಣು ಅಗೆದು ಒಂದು ಚೀಲದಲ್ಲಿ ತಂದರು. ಹಾದಿ ಒಣಗಿ ಗಟ್ಟಿಯಾಗಿತ್ತಲ್ಲ, ಹಾಗೇ ಅಕ್ಕನ ಮನೆಗೆ ಹೋಗಿ ಬರಬಹುದಿತ್ತಲ್ಲ ಎಂದು ಅತ್ತೆ ಕೇಳಿದರು.

“ಟೈರ್ ಬರಲಿ,” ಎಂದರು.

ಮಣ್ಣನ್ನು ಕುಟ್ಟಿ, ಸೋಸಿ, ನೀರು ಹಾಕಿ ನಾದಿದರು. ಹದ ಯಾವುದಿರಬೇಕೆಂದು ನನ್ನನ್ನೇ ಕೇಳಿದರು. ಹೋದ ವರ್ಷ ಜೀಪು ಹೂತಾಗ ಅದು ರೊಟ್ಟಿಹಿಟ್ಟಿಗಿಂತ ಸಡಿಲು, ಹಿಟ್ಟಿನ ಪಲ್ಯಕ್ಕಿಂತ ಗಟ್ಟಿ ಇತ್ತೆಂದು ನೆನಪು ಮಾಡಿಕೊಂಡು ಹೇಳಿದೆ. ಅವರು ನಾದುವ ರೀತಿ ನೋಡಿದರೆ ಇಷ್ಟು ವರ್ಷ ಅಡುಗೆಮನೆಗೆ ಒಂದು ಒಳ್ಳೆಯ ಕೈ ತಪ್ಪಿಹೋಯಿತಲ್ಲ ಅನ್ನಿಸಿತು. ನಾದಿದ ಮುದ್ದೆಯನ್ನು ಊಟದ ಡಬ್ಬಿಗೆ ತುಂಬಿ, ಒಣಗದಂತೆ ಒದ್ದೆ ಬಟ್ಟೆ ಮುಚ್ಚಿ ಸವಣೂರಿಗೆ ಹೊರಟರು.

ಸವಣೂರಿನ ಟೈರಂಗಡಿಯ ಹಿರಿಯರು ತುಂಬ ಮರ್ಯಾದಸ್ಥರು. ವಯಸ್ಸಾದವರು ಡಬ್ಬಿ ಹಿಡಿದು ಬಂದದ್ದು ನೋಡಿ, ಮೊದಲು ಊಟ ಆಗಲಿ ಎಂದು ಸ್ಟೂಲು ಎಳೆದು, ಒರೆಸಿ, ಒಂದು ಲೋಟ ನೀರೂ ತರಿಸಿಟ್ಟರು. ಮಾವನವರು ಥ್ಯಾಂಕ್ಸ್ ಹೇಳಿ ಡಬ್ಬಿ ಬಿಚ್ಚಿದರು. ಅಂಗಡಿಯವರು ಕಪ್ಪು ಮುದ್ದೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮೆಲ್ಲಗೆ ಕೇಳಿದರು.

“ಯಜಮಾನ್ರ, ಮನ್ಯಾಗ ಅಮ್ಮಾರ ಜೋಡಿ ಏನರ ಜಗಳ ಆಗೇತೇನ್ರಿ?”

ವಿಷಯ ತಿಳಿದ ಮೇಲೆ ಅವರು ನಗಲಿಲ್ಲ. ಅದನ್ನು ನಾನು ಮರೆಯುವುದಿಲ್ಲ. ಒಂದೊಂದೇ ಟೈರು ಹೊರಗೆ ಉರುಳಿಸಿ ತಂದರು. ಮಾವನವರು ಟೈರಿನ ಸಂದುಗಳಿಗೆ ಮಣ್ಣು ಮೆತ್ತುವುದು, ಉರುಳಿಸುವುದು, ನೆಲಕ್ಕೆ ಪುಟಿಸುವುದು, ಎಷ್ಟು ಉದುರಿತು ಎಂದು ಬಗ್ಗಿ ನೋಡುವುದು. ರಸ್ತೆಯಲ್ಲಿ ಜನ ಸೇರಿದರು. ಆ ಮಂದಿಯಲ್ಲಿ ಅಭಿಪ್ರಾಯವಿಲ್ಲದವರು ಯಾರೂ ಇರಲಿಲ್ಲ! ಅಗಲ ಟೈರು ತೇಲುತ್ತದೆ ಎಂದು ಒಬ್ಬ, ಸಪೂರ ಟೈರು ಕೊಯ್ದುಕೊಂಡು ಹೋಗುತ್ತದೆ ಎಂದು ಇನ್ನೊಬ್ಬ, ಎತ್ತಿಗೆ ಟೈರು ಬೇಕೇ ಬೇಡ ಎಂದು ಮತ್ತೊಬ್ಬ. ಹೀಗೆ ಮೂರು ಸಲ ಹೋದೆವು. ಮೂರನೆಯ ಸಲ ಅಂಗಡಿಯವರೇ ಬಕೆಟಿನಲ್ಲಿ ನೀರು ತುಂಬಿಟ್ಟು ಕಾಯುತ್ತಿದ್ದರು. ಸಂದು ಅಗಲವಾಗಿದ್ದ ಒಂದು ಟೈರಿನಿಂದ ಮಣ್ಣು ಹಪ್ಪಳ ಕಳಚಿದಂತೆ ಬಿತ್ತು. ಅದನ್ನೇ ಕೊಂಡೆವು. ಕೊಡುವಾಗ ಆ ಹಿರಿಯರು ಒಂದು ಮಾತು ಹೇಳಿದರು: “ಎರಿ ನಂಬಬ್ಯಾಡ್ರಿ ಯಜಮಾನ್ರ. ಡಬ್ಬ್ಯಾಗಿಂದು ಬ್ಯಾರೆ, ಹೊಲದಾಗಿಂದು ಬ್ಯಾರೆ.”

ಕಾರಹುಣ್ಣಿಮೆಯ ದಿನ ಟೈರು ಹಾಕಿಸಿಕೊಂಡು ಬಂದೆವು. ಎತ್ತುಗಳ ಪೂಜೆಯಾದ ಮೇಲೆ ಟೈರುಗಳಿಗೂ ಆಯಿತು. ಸ್ಟೆಪ್ನಿಗೆ ಬೇಸರವಾಗಬಾರದೆಂದು ಅದಕ್ಕೂ ಒಂದು ಚೆಂಡು ಹೂವು.

ಇನ್ನು ಸಂಕಟ ಮುಗಿಯಿತು ಎಂದುಕೊಂಡಿದ್ದೆ. ಕೆಸರಿಗೆಂದೇ ತಂದ ಟೈರಿಗೆ ಕೆಸರು ತಾಗಬಾರದು ಎಂಬ ಹೊಸ ನಿಯಮ ಜಾರಿಗೆ ಬಂತು! ಮಳೆ ಬಂದರೆ ಮಾವನವರು ಜೀಪು ಮನೆಯಲ್ಲಿ ಬಿಟ್ಟು ಮಾರ್ಕೆಟ್ಟಿಗೆ ನಡೆದು ಹೋಗುತ್ತಿದ್ದರು. ಬಿಸಿಲಿದ್ದ ದಿನ ಹೊರಗೆ ತೆಗೆದರೆ ಬಸ್‌ಸ್ಟ್ಯಾಂಡಿನ ಮುಂದಿನ ಒಂದು ಹೊಂಡ ತಪ್ಪಿಸಲು ಅರ್ಧ ಊರು ಸುತ್ತುತ್ತಿದ್ದರು. ಸಂಜೆ ಟೈರಿನ ಸಂದುಗಳಲ್ಲಿ ಸಿಕ್ಕ ಹರಳುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ನನ್ನ ತಲೆಯ ಪಿನ್ನುಗಳು ಯಾಕೆ ಡೊಂಕಾಗುತ್ತಿವೆ ಎಂದು ನನಗೆ ತಡವಾಗಿ ತಿಳಿಯಿತು.

“ಮಳಿಗಾಲಕ್ಕ ತಂದ ಟೈರು ಬ್ಯಾಸಗಿ ದಾರಿ ಕಾಯಾಕತ್ತಾವು,” ಎಂದರು ಅತ್ತೆ.

ಈ ವರ್ಷ ಪಂಚಮಿಗೆ ಎರಡು ದಿನ ಮೊದಲೇ ಹೊರಟೆವು. ಹಿಂದಿನ ವಾರ ಅತ್ತೆ ಫೋನಿನಲ್ಲಿ, ಕರೆಯಲು ಬರುತ್ತಾರೆ ಎಂದು ಮಾಸೂರಕ್ಕನಿಗೆ ತಿಳಿಸಿದ್ದರು. “ಯಾರು?” ಎಂದಷ್ಟೇ ಕೇಳಿ ಅವರು ಎಮ್ಮೆಯ ವಿಷಯಕ್ಕೆ ಹೋದರಂತೆ.

ಹಿರೇಕೆರೂರು ದಾಟುವಾಗಲೂ ಮಳೆ ಜಿನುಗುತ್ತಿತ್ತು. ಡಾಂಬರು ಮುಗಿದಲ್ಲಿ ಮಾವನವರು ಇಳಿದು, ನಾಲ್ಕೂ ಟೈರಿನ ಗಾಳಿ ಸ್ವಲ್ಪ ಇಳಿಸಿದರು. ಮೆತ್ತನೆಯ ನೆಲಕ್ಕೆ ಹಾಗೆ ಮಾಡಬೇಕಂತೆ. ಮತ್ತೆ ಹತ್ತಿ ಕುಳಿತು, ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಜೀಪನ್ನು ಕೆಸರಿಗೆ ಇಳಿಸಿದರು. ಹೋದ ವರ್ಷ ಹೂತ ಜಾಗ ಬಂತು. ಜೀಪು ಒಮ್ಮೆ ಹೊಯ್ದಾಡಿ ದಾಟಿತು. ಮಾವನವರು ಗಂಟಲು ಸರಿಮಾಡಿಕೊಂಡರು. ಅರ್ಧ ಹಾದಿಯಾಯಿತು, ಮುಕ್ಕಾಲು ಹಾದಿಯಾಯಿತು. ಟೈರು ಒಳ್ಳೆಯದೇ, ಅದರ ಮೇಲೆ ನನ್ನ ದೂರಿಲ್ಲ.

ಮನೆಗೆ ಇನ್ನು ಮೂರು ಹೊಲ ಇದೆ ಎನ್ನುವಾಗ, ಗದ್ದೆಯ ಒಡ್ಡು ಒಡೆದು ನೀರು ಹಾದಿಗೆ ನುಗ್ಗಿತ್ತು. ವಾರಗಟ್ಟಲೆ ಎಮ್ಮೆಗಳು ತುಳಿದ ಎರಿ. ಹತ್ತು ಸುತ್ತು ತಿರುಗುವುದರೊಳಗೆ ಸಂದುಗಳೆಲ್ಲ ತುಂಬಿ ಟೈರು ನುಣ್ಣಗಾಯಿತು. ಆಮೇಲೆ ನಿಂತಲ್ಲೇ ತಿರುಗಿತು. ಆಮೇಲೆ ಮೆಲ್ಲನೆ ಕೂತಿತು.

ಮಾವನವರು ಎಂಜಿನ್ ಆರಿಸಿದರು. ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಕುಳಿತುಬಿಟ್ಟರು. ಹತ್ತು ತಿಂಗಳ ಶ್ರಮದ ಮೇಲೆ ಮಳೆ ಹನಿಯುತ್ತಿತ್ತು. ಟ್ರ್ಯಾಕ್ಟರಿಗೆ ಫೋನು ಮಾಡಲೇ ಎಂದು ಕೇಳಿದೆ.

“ಬ್ಯಾಡವ್ವ.”

ಅವರು ದೂರದ ಮನೆಯ ಕಡೆ ನೋಡುತ್ತಿದ್ದರು. ಕಟ್ಟೆಯ ಮೇಲೆ ಯಾರೋ ಕೂತಿದ್ದರು. ಅಷ್ಟು ದೂರದಿಂದ ಸೀರೆಯ ಹಸಿರು ಮಾತ್ರ ಕಾಣುತ್ತಿತ್ತು. ಮಾವನವರು ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ಜೋಡಿಸಿ ಇಟ್ಟರು. ಇಸ್ತ್ರಿಯ ಧೋತರವನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದರು. ನನಗೆ ಅಲ್ಲೇ ಕೂರಲು ಹೇಳಿದರು. ನಾನು ಸೆರಗು ಸಿಕ್ಕಿಸಿಕೊಂಡು, ಕುಬಸದ ಕಣ ತಲೆಯ ಮೇಲೆ ಹೊತ್ತು ಹಿಂದೆಯೇ ಇಳಿದೆ.

ಎರಿಮಣ್ಣು ಒಂದೊಂದು ಹೆಜ್ಜೆಗೂ ಒಂದೊಂದು ಪದರು ಹತ್ತುತ್ತದೆ. ಕಾಲು ಎತ್ತಿದರೆ ನಮ್ಮದೇ ಕಾಲೋ ಅಲ್ಲವೋ ಅನ್ನುವಷ್ಟು ಭಾರ. ನಡುವೆ ಎರಡು ಸಲ ಮಾವನವರು ನನ್ನ ಹೆಗಲು ಹಿಡಿದು ನಿಂತರು. ನಾನು ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನನ್ನು ಹಾಗೆ ಹಿಡಿದದ್ದು ಅದೇ ಮೊದಲು. ಕೈ ಬಹಳ ಹಗುರವಿತ್ತು.

ಮಾಸೂರಕ್ಕ ಕಟ್ಟೆಯಿಂದ ಏಳಲಿಲ್ಲ. ತಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕಾಲಿನ ಹತ್ತಿರ ದೃಷ್ಟಿ ನಿಂತಿತು.

“ಜೀಪು?”

“ಹುಗದೈತಿ.”

“ಹೊಸಾ ಟೈರಂತಲ್ಲ.”

“ಹೂಂ.” ಮಾವನವರು ಹೊಸ್ತಿಲ ತನಕ ಹೋಗಿ ನಿಂತರು. “ಅಕ್ಕ, ಪಂಚಮಿಗೆ ಕರಿಯಾಕ ಬಂದೇನಿ.”

“ಹೋದ ವರ್ಷ ನಿನಗ ಕಾಲು ಇರ್ಲಿಲ್ಲೇನೋ?”

ಟೈರಿನ ಬಗ್ಗೆ ಹತ್ತು ತಿಂಗಳು ಮಾತಾಡಿದವರು ತಮ್ಮ ಕಾಲುಗಳನ್ನೇ ನೋಡಿಕೊಂಡರು. ಅಕ್ಕ ಉತ್ತರಕ್ಕೆ ಕಾಯಲಿಲ್ಲ. ಒಳಗಿನಿಂದ ಕೊಡ, ತಂಬಿಗೆ ತಂದರು. ಅವರ ಸೊಸೆ ಕೈ ಚಾಚಿದರೆ ಕೊಡಲಿಲ್ಲ. ಮೆಟ್ಟಿಲ ಕಲ್ಲಿನ ಮೇಲೆ ಕಾಲಿಡು ಎಂದು ತಮ್ಮನಿಗೆ ಕಣ್ಣಲ್ಲೇ ಹೇಳಿ, ಬಗ್ಗಿ ನೀರು ಹಾಕತೊಡಗಿದರು. ಆಗ ನೋಡಿದೆ: ಉಟ್ಟದ್ದು ಪೆಟ್ಟಿಗೆಯಿಂದ ತೆಗೆದ ಇಳಕಲ್ಲ ಸೀರೆ, ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ. ಬಾಗಿಲ ಮರೆಯಲ್ಲಿ ಬಟ್ಟೆಯ ಚೀಲ ಬಾಯಿ ಕಟ್ಟಿ ಸಿದ್ಧವಾಗಿತ್ತು.

ಒಂದು ತಂಬಿಗೆಗೆ ಹಿಮ್ಮಡಿ ಕಂಡಿತು, ಇನ್ನೊಂದಕ್ಕೆ ಬೆರಳು ಕಂಡವು. ಬೆರಳ ಸಂದಿನ ಮಣ್ಣನ್ನು ಅಕ್ಕ ಕೈಯಿಂದಲೇ ತೆಗೆದರು. ಮಾವನವರು ಗೋಡೆ ಹಿಡಿದು, ಬೇರೆ ಎಲ್ಲೋ ನೋಡುತ್ತ ನಿಂತಿದ್ದರು. ಮಣ್ಣು ಯಾವಾಗಲೋ ಹೋಗಿ ಕಾಲು ಬೆಳ್ಳಗಾಗಿತ್ತು. ಮಾಸೂರಕ್ಕ ಮತ್ತೊಂದು ತಂಬಿಗೆ ತುಂಬಿಕೊಂಡರು.