ಕೇಳಿಸದ ರೊಟ್ಟಿ

ಆ ದಿನದ ರಗಳೆಗೆಲ್ಲ ಕಾರಣ ಮೊಬೈಲಿನೊಳಗಿನ ಒಂದು ಸಣ್ಣ ಗುಂಡಿ. ಮನುಷ್ಯರ ಮಾತೊಂದನ್ನು ಬಿಟ್ಟು ಉಳಿದ ಸದ್ದನ್ನೆಲ್ಲ ಜರಡಿ ಹಿಡಿದು ಎಸೆಯುವುದು ಅದರ ಕೆಲಸ. ಕೊಪ್ಪಳದಲ್ಲಿ ರೊಟ್ಟಿ ಬಡಿದು ಮಾರುವ ಸುರೇಖಾಗೆ ಅದು ಬೇಡವಾಗಿತ್ತು. ಆದರೆ ಕರೆ ಮಾಡುವ ಆ್ಯಪಿಗೆ ಮರೆವಿನ ರೋಗ. ಮೊಬೈಲು ಒಮ್ಮೆ ಆರಿ ಹೊತ್ತಿತೆಂದರೆ ಸಾಕು, ಬಂದ್ ಮಾಡಿದ ಗುಂಡಿ ತಾನೇ ಮತ್ತೆ ಚಾಲೂ.

ಗಂಗಾವತಿಯಲ್ಲಿ ಖಾನಾವಳಿ ನಡೆಸುವ ಶಾಹಜಾದಬಿಗೆ ದಿನಾ ಜೋಳದ ರೊಟ್ಟಿ ಬೇಕಿತ್ತು, ಅದೂ ಕೈಯಲ್ಲೇ ಬಡಿದದ್ದು. ಹಿಂದಿನವಳು ಕೈರೊಟ್ಟಿಯೆಂದು ಹೇಳಿ ಮಷಿನ್ ರೊಟ್ಟಿ ಕಳಿಸಿ ಮೋಸ ಮಾಡಿದ್ದಳು.

“ವಿಡಿಯೋ ನೋಡ್ಕೋತ ಕುಂತ್ರ ನನ್ನ ಪಲ್ಯ ಹೊತ್ತತೈತಿ. ಕಿವಿ ಖಾಲಿ ಅದಾವು. ನೀವು ಬಡೀರಿ, ನಾ ಕೇಳ್ತೀನಿ. ಸದ್ದು ಪಸಂದ್ ಬಂದ್ರ ನಾಳಿಂದ ಆರ್ಡರ್ ನಿಮ್ದ,” ಎಂದಿದ್ದಳು ಶಾಹಜಾದಬಿ.

ಕಾಯಂ ಗಿರಾಕಿಯೆಂದರೆ ಸಣ್ಣ ಮಾತೇ? ಸುರೇಖಾ ಗುಂಡಿ ಬಂದ್ ಮಾಡಿದಳು. ವೈರು ತೆಗೆದರೆ ಪ್ರಾಣ ಬಿಡುವ ಮೊಬೈಲದು. ಚಾರ್ಜರಿಗೆ ಸಿಕ್ಕಿಸಿ ಕುಳಿತಳು. ಶಾಹಜಾದಬಿ “ಹಲೋ” ಎನ್ನುವುದಕ್ಕೂ ಕರೆಂಟು ಹೋಗಿ ಬರುವುದಕ್ಕೂ ಸರಿಹೋಯಿತು.

ಕೈ ತೊಳೆದು, ಮೊಬೈಲು ಹಚ್ಚಿ, ಗುಂಡಿ ಮತ್ತೆ ಬಂದ್ ಮಾಡಿ, ಕರೆ ಹಚ್ಚಿ, ಹಿಟ್ಟಿಗೆ ಕೈ ಹಾಕಿದಳು. ಪಕ್ಕದ ಮನೆಯ ಗಾಳೆಪ್ಪ ಒಳಗೆ ಬಂದ.

“ಯವ್ವಾ, ನನ್ನ ಮೊಬೈಲ್ ಸತ್ತೈತಿ. ಚಾರ್ಜಿಗೆ ಹಚ್ಚಲೇನು?” ಎಂದು ಕೇಳುತ್ತಲೇ ಅವಳ ವೈರು ಕಿತ್ತ.

“ಅಯ್ಯ ಕಾಕಾ!”

ಈ ಸಲ ಕೈ ತೊಳೆಯಲೂ ಪುರಸೊತ್ತಿಲ್ಲ. ವೈರು ಮತ್ತೆ ಸಿಕ್ಕಿಸಿ, ಹಿಟ್ಟಿನ ಬೆರಳಲ್ಲೇ ಹೇಗೋ ಆ್ಯಪು ತೆರೆದು ಕರೆ ಹಚ್ಚಿದಳು. ಗುಂಡಿ ಬಂದ್ ಮಾಡುವ ಹೊತ್ತಿಗೆ ಹಿಟ್ಟು ಮೆತ್ತಿದ ಗಾಜು ಕೈಕೊಟ್ಟಿತು. ಗಾಳೆಪ್ಪ ತನ್ನ ಹೆಗಲ ಮೇಲಿನ ವಲ್ಲಿಯಿಂದ ಒರೆಸಿದ. ಹಿಟ್ಟು ಗೋಡೆಗೆ ಸುಣ್ಣ ಬಳಿದಂತೆ ಹರಡಿತು. ಸುರೇಖಾ ಗತಿಯಿಲ್ಲದೆ ಬಡಿಯತೊಡಗಿದಳು.

“ಸುರೇಖಾಬಾಯಿ, ಏನೂ ಕೇಳವಲ್ದು.”

“ಬಡಿಯಾಕತ್ತೀನ್ರೀ ಆಪಾ!”

“ನಿಮ್ಮ ಬಾಯಿ ಗಂಟಿ ಹೊಡದಂಗ ಕೇಳ್ತೈತಿ. ನಿಮ್ಮ ರೊಟ್ಟಿ ಮೂಕ ಐತೇನು? ಇನ್ನ ಸ್ವಲ್ಪ ನೋಡಿ ಫೋನ್ ಇಡ್ತೀನಿ.”

ಬಾಯಿಯ ಸದ್ದಷ್ಟೇ ದಾಟುತ್ತದೆಂದು ಗಾಳೆಪ್ಪನಿಗೆ ಹೊಳೆಯಿತು. ಅವನು ಭಜನಾ ಮೇಳದ ತಬಲಾದವ. ‘ಧಾ ಧಿನ್’ ಎಂಬ ಬೋಲುಗಳನ್ನು ಬಾಯಲ್ಲಿ ನುಡಿದೇ ಪಳಗಿದವ. ಮೊಬೈಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಶುರು ಮಾಡಿದ: “ಟಪ್ಪ ಟಪ್ಪ ಟಪ್ಪ ಟಪ್ಪ...”

ಸುರೇಖಾ ಬೇಡವೆಂದು ತಲೆಯಲ್ಲಾಡಿಸಿದಳು. ಆದರೆ ಆ ಕಡೆಯಿಂದ “ಹಾಂ, ಈಗ ಬಂತು!” ಎಂದು ಕೇಳಿದ ಮೇಲೆ ಸುಮ್ಮನಾದಳು. ಹಿಂದೆ ಅವಳು ನಿಜವಾಗಿ ಬಡಿದಳು, ಮುಂದೆ ಅವನು ಬಾಯಲ್ಲಿ ಬಡಿದ. ಒಂದು ರೊಟ್ಟಿ ಹಂಚಿಗೆ ಹೋಯಿತು, ಇನ್ನೊಂದು ಹೋಯಿತು. ಗಾಳೆಪ್ಪನ ಕತ್ತಿನ ನರಗಳು ಹಗ್ಗದಂತೆ ಉಬ್ಬಿದವು.

“ಸಾಕು, ಕೇಳಿದ್ನಿ.”

“ಪಸಂದ್ ಬಂತೇನ್ರೀ, ಆಪಾ?”

“ಸುರೇಖಾಬಾಯಿ, ಕೈಲೆ ಬಡಿಯೋರು ನಡುವ ಹಿಟ್ಟು ಉದುರಸ್ತಾರ, ರೊಟ್ಟಿ ತಿರುವ್ತಾರ, ದಮ್ಮು ತಗೋತಾರ. ಇಷ್ಟು ಒಂದ ಸಮ ಬಡಿಯೋದು ಮಷಿನ್ನಿಗಷ್ಟ ಆಗತೈತಿ. ನೀವೂ ಹಂಗಽ ಅಂತ ತಿಳದಿರಲಿಲ್ಲ.”

ಕರೆ ಕಟ್ಟಾಯಿತು. ಸುರೇಖಾ ಕೆಂಪಗಾದ ತನ್ನ ಅಂಗೈಗಳನ್ನೇ ನೋಡುತ್ತ ಕುಳಿತಳು.

ಗಾಳೆಪ್ಪ ವಲ್ಲಿಯಿಂದ ಬೆವರು ಒರೆಸಿಕೊಂಡು, ಮುಖಕ್ಕೆಲ್ಲ ಹಿಟ್ಟು ಬಳಿದುಕೊಂಡು ಬೀಗಿದ:

“ನೋಡಿದೇನವಾ? ಒಂದ ಏಟೂ ತಾಳ ತಪ್ಪಲಿಲ್ಲ!”