ಉಪ್ಪು ಹಾಕಿದ ನೆನಪು

ಮರೆಯುವುದು ನನಗೆ ಹೊಸದೇನಲ್ಲ. ಆದರೆ ಅರವತ್ತು ದಾಟಿದ ಮೇಲೆ ಅದು ಮೇಲಿಂದ ಮೇಲೆ, ಅದೂ ನಾಲ್ಕು ಜನ ಸೇರಿದಲ್ಲೇ ಆಗತೊಡಗಿತು. ನಾನು ಸಮಾರಂಭಗಳ ಅಡಿಗೆಯವನು. ನನ್ನ ಕಸುಬಿನಲ್ಲಿ ನಾಲ್ಕು ಜನ ಎಂದರೆ ನಾನೂರು ಜನ.

ಮೊದಮೊದಲು ನನಗೆ ನಗು ಬರುತ್ತಿರಲಿಲ್ಲ. ನಮ್ಮ ಅಪ್ಪಯ್ಯನೂ ಅಡಿಗೆಯವರೇ. ಕೊನೆಯ ವರ್ಷ ಅವರ ಕೈಗೆ ಸಟ್ಟುಗ ಕೊಟ್ಟರೆ ತಿರುಗಿಸಿ ನೋಡಿ, "ಇದ್ ಎಂತಕ್ಕೆ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ನನ್ನ ಬಾಯಿಂದಲೂ ಬಂದೀತೆಂದು ನಾನು ನಿಜಕ್ಕೂ ಹೆದರಿದ್ದೆ.

ಬಿಜೂರಿನ ಸಾರು

ನಮ್ಮ ಅಡಿಗೆಯಲ್ಲಿ ದೇವರಿಗೆ ಎಡೆ ಇಡುವ ತನಕ ರುಚಿ ನೋಡುವಂತಿಲ್ಲ. ಉಪ್ಪು ಹಾಕಿದ್ದು ನೆನಪಿರಬೇಕು, ಅಷ್ಟೆ. ಬಿಜೂರಿನ ಒಂದು ಮದುವೆಯಲ್ಲಿ ಸಾರು ಕುದಿಯುತ್ತಿದ್ದಾಗ, ಜೊತೆಗೆ ಕೆಲಸ ಮಾಡುವ ನನ್ನ ತಮ್ಮ ಕೇಳಿದ, "ಅಣ್ಣಯ್ಯ, ಉಪ್ಪ್ ಹಾಕಿದ್ಯಾ?"

"ಮೂವತ್ ವರ್ಷದಿಂದ ಹಾಕ್ತಾ ಬಂದವ್ನಿಗೆ ಕಲಿಸ್ಬೇಡ!" ಎಂದು ಗದರಿದೆ.

ಊಟಕ್ಕೆ ಕುಳಿತವರೆಲ್ಲ ಎಲೆಯ ತುದಿಗೆ ಬಡಿಸಿದ್ದ ಉಪ್ಪನ್ನು ಸಾರಿಗೆ ಬೆರೆಸಿಕೊಳ್ಳುವುದು ಕಂಡಾಗಲೇ ನನಗೆ ನೆನಪಾಯಿತು, ಉಪ್ಪು ಹಾಕಿರಲಿಲ್ಲ. ಮದುಮಗಳ ಸೋದರಮಾವ ಕೈತೊಳೆಯುತ್ತ ಸಮಾಧಾನ ಹೇಳಿದರು: "ಬೇಜಾರ್ ಮಾಡ್ಬೇಡಿ ಭಟ್ರೆ. ಬಿಪಿ ಇದ್ದವ್ರೆಲ್ಲ ನಿಮ್ಮನ್ನ್ ಹೊಗಳ್ತಾ ಇದ್ರ್."

ಬೀಜಾಡಿಯ ಅಂಗಳ

ಬೀಜಾಡಿಯಲ್ಲಿ ಒಂದು ನಾಮಕರಣ. ಕೊಪ್ಪರಿಗೆಯನ್ನು ರಿಕ್ಷಾದಲ್ಲಿ ಹೇರಿಕೊಂಡು ಬೆಳಗಾಗುವಾಗಲೇ ಹೋಗಿ ಇಳಿದೆ. ಮನೆಯ ಅಮ್ಮ ಒಬ್ಬರೇ ಅಂಗಳ ಗುಡಿಸುತ್ತಿದ್ದರು.

"ಚಪ್ಪರ ಎಲ್ಲಿ ಅಮ್ಮ?"

"ಹ್ವಾಯ್, ನಾಮಕರಣ ಮುಂದಿನ್ ವಾರ ಅಲ್ದಾ!"

ಮಾನ ಉಳಿಸಿಕೊಳ್ಳಬೇಕಲ್ಲ? "ಗೊತ್ತಿತ್ತ್, ಗೊತ್ತಿತ್ತ್. ಒಲೆ ಹೂಡುವ ಜಾಗ ಕಂಡ್ಕಂಡ್ ಹೋಪ ಅಂತ ಬಂದೆ" ಎಂದೆ.

ಅವರು ಹಿಡಿಸೂಡಿ ಊರಿ ನಿಂತು ರಿಕ್ಷಾದೊಳಗೆ ಇಣುಕಿದರು. "ಜಾಗ ಕಾಂಬುಕೆ ಕೊಪ್ಪರಿಗೆ ಸಮೇತ ಬತ್ರಾ?"

ಡಾಕ್ಟರಮ್ಮನ ಪರೀಕ್ಷೆ

ಇನ್ನು ತಡೆಯಲಾಗಲಿಲ್ಲ. ಅಪ್ಪಯ್ಯನ ಕಾಯಿಲೆಯೇ ಆಗಿದ್ದರೆ ಸಟ್ಟುಗ ತಮ್ಮನಿಗೆ ಬಿಟ್ಟುಬಿಡುವುದೆಂದು ನಿಶ್ಚಯಿಸಿ, ಯಾರಿಗೂ ಹೇಳದೆ ಕುಂದಾಪುರದ ಡಾಕ್ಟರಮ್ಮನ ಹತ್ತಿರ ಹೋದೆ. ಬಿಜೂರಿನ ಬಿಪಿ ಮಾತಿನಿಂದ ಬೀಜಾಡಿಯ ಕೊಪ್ಪರಿಗೆಯ ತನಕ ಎಲ್ಲ ಹೇಳಿದೆ.

"ಇವತ್ತು ಯಾವ ದಿನ?" ಎಂದು ಕೇಳಿದರು.

"ಬಹುಳ ದಶಮಿ."

"ತಾರೀಕು?"

"ಅದು ಗೊತ್ತಿಲ್ಲ. ಮುಹೂರ್ತ ಇಲ್ಲದ ದಿನ, ಅದಕ್ಕೇ ಬಂದೆ."

"ಮರೆತದ್ದು ಆಮೇಲೆ ನೆನಪಾಗ್ತದಾ?"

"ಆಗ್ತದೆ, ಬಡಿಸಿದ ಮೇಲೆ."

ಸಾರು ಮಾಡುವ ಕ್ರಮ ಹೇಳಿ ಎಂದರು. ನಾನು ಶುರು ಮಾಡಿದವನು ಒಗ್ಗರಣೆಗೆ ಬರುವಷ್ಟರಲ್ಲಿ ಅವರೇ ಕೈಮುಗಿದರು. "ಸಾಕು ಭಟ್ರೆ, ಹಸಿವಾಗ್ತದೆ. ಮಾಡಿ ಗೊತ್ತಿರುವ ಕೆಲಸವೇ ತಿಳಿಯದೆ ಹೋಗುವುದು, ನಿತ್ಯದ ದಾರಿ ತಪ್ಪುವುದು, ಮರೆತದ್ದೇ ಗೊತ್ತಾಗದಿರುವುದು, ಇಂಥದ್ದಾದರೆ ಕೂಡಲೇ ಬನ್ನಿ. ಸದ್ಯಕ್ಕೆ ಇದು ಬರೀ ವಯಸ್ಸು." ರಕ್ತಪರೀಕ್ಷೆಗೆ ಚೀಟಿ ಬರೆದುಕೊಟ್ಟು, ಬ್ರಹ್ಮಾವರದಲ್ಲಿ ತಾವು ಕಟ್ಟಿಸಿದ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ನನ್ನದೇ ಅಡಿಗೆ ಎಂದೂ ಹೇಳಿದರು.

ಬಸ್ಸಿನಲ್ಲಿ ಕಣ್ಣೀರು ಬಂತು. ಆ ಖುಷಿಯಲ್ಲಿ ಚೀಟಿ ಅವರ ಮೇಜಿನ ಮೇಲೇ ಉಳಿದಿತ್ತು.

ಬ್ರಹ್ಮಾವರದ ಒಕ್ಕಲು

ಅವತ್ತು ತಮ್ಮನ ಜೊತೆ ನನ್ನ ಹೆಂಡತಿಯೂ ಬಂದಿದ್ದಳು. ಸಾರಿಗೆ ಉಪ್ಪು ಹಾಕಿ, "ಹಾಕಿದೆ, ಹಾಕಿದೆ" ಎಂದು ಎರಡು ಸಲ ಬಾಯಲ್ಲೇ ಹೇಳಿಕೊಂಡೆ. ಮೊದಲ ಪಂಕ್ತಿಯಲ್ಲಿ ಡಾಕ್ಟರಮ್ಮನೇ ಕುಳಿತಿದ್ದರು. ಒಂದು ತುತ್ತು ಉಂಡರು, ಕಣ್ಣು ಮುಚ್ಚಿದರು, ಲೋಟದ ನೀರನ್ನೆಲ್ಲ ಕುಡಿದರು. ಅಕ್ಕಪಕ್ಕದವರೂ ನೀರು ನೀರು ಎನ್ನತೊಡಗಿದರು.

ಒಂದು ಹನಿ ಸಾರು ನಾಲಿಗೆಗೆ ಹಚ್ಚಿ ನೋಡಿದೆ, ಬರೀ ಉಪ್ಪು. ಉಪ್ಪನ್ನು ಒಂದೇ ಸಲ ಹಾಕಿದ ನೆನಪು. ಮತ್ತೆ ಹಾಕಿದ್ದು ಗೊತ್ತೇ ಆಗಲಿಲ್ಲ ಎಂದರೆ, ಡಾಕ್ಟರಮ್ಮ ಹೇಳಿದ್ದು ಇದೇ ಅಲ್ಲವೇ? ಒಲೆಯ ಹತ್ತಿರ ಹೋಗಿ ಸಟ್ಟುಗವನ್ನು ತಮ್ಮನ ಕೈಗಿಟ್ಟೆ. "ಇನ್ ನೀನೇ ಮಾಡ್. ಎಷ್ಟ್ ಸಲ ಉಪ್ಪ್ ಹಾಕ್ದೆ ಅಂತ ನಂಗೇ ಗೊತ್ತಿಲ್ಲೆ."

ತಮ್ಮ ತಲೆ ಕೆರೆದುಕೊಂಡ. "ನಿಂಗೆ ಮರ್ತ್ ಹೋಯಿತ್ ಅಂದೇಳಿ ನಾನೊಂದ್ ಸಲ ಹಾಕ್ದೆ, ಅಣ್ಣಯ್ಯ."

ಸೌತೆಕಾಯಿ ಹೆಚ್ಚುತ್ತಿದ್ದ ಹೆಂಡತಿ ಮುಖ ಎತ್ತಲಿಲ್ಲ. "ನಾನೂ ಒಂದ್ ಸಲ ಹಾಕ್ದೆ."

ಸಟ್ಟುಗ ವಾಪಸು ಕಸಿದುಕೊಂಡು ಪಂಕ್ತಿಯ ನಡುವೆಯೇ ಓಡಿದೆ. "ಡಾಕ್ಟರಮ್ಮ, ನಾ ಹಾಕಿದ್ದ್ ಒಂದೇ ಸಲ! ನನ್ನ್ ನೆನಪ್ ಸರಿ ಇತ್ತ್!"

ಡಾಕ್ಟರಮ್ಮ ಎರಡನೆಯ ಲೋಟ ಕೆಳಗಿಟ್ಟರು. "ಖುಷಿ ಆಯ್ತು ಭಟ್ರೆ. ಇನ್ನು ಆ ಬಿಜೂರಿನವರ ಬಿಪಿಯೆಲ್ಲ ನಮಗೆ ಬರುವ ಮೊದಲು ಸಾರಿಗೆ ನೀರು ಹೊಯ್ಯಿರಿ!"