ಬಚ್ಚಲ ಮೂಲೆಗೆ ಉರುಳಿದ ಗುಂಡು

ಇಡೀ ನಿಜಾಮ ಸಂಸ್ಥಾನದಲ್ಲಿ, ಬೀದರದಿಂದ ರಾಯಚೂರಿನ ತನಕ, ಬಿಲಿಯರ್ಡ್ಸ್ ಟೇಬಲ್ಲಿನ ಮುಂದೆ ನನ್ನನ್ನು ಸೋಲಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಹೈದರಾಬಾದಿನ ನವಾಬರೊಬ್ಬರು ನನ್ನ ಆಟ ನೋಡಿ ತಮ್ಮ ಕೋಲನ್ನು ಮುರಿದು ಒಲೆಗೆ ಹಾಕಿಸಿದರು ಅಂತ ಜನ ಹೇಳುತ್ತಾರೆ.

ಸುಳ್ಳು. ಹಾಗೆ ಹೇಳುವ ಜನ ಅಂದರೆ ನಾನೊಬ್ಬನೇ. ಆದರೆ ಆ ಆಟದ ದೆಸೆಯಿಂದ ನನಗಾದಷ್ಟು ಫಜೀತಿ ಬೇರೆ ಯಾರಿಗೂ ಆಗಿಲ್ಲ, ಇದು ಮಾತ್ರ ಖರೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತಿತ್ತು. ಈಗ ತಲೆ ಅರ್ಧ ನರೆತಿದೆ. ಆದರೂ ಎಲ್ಲಿಯಾದರೂ ಎರಡು ಗೋಲಿ ಒಂದಕ್ಕೊಂದು ತಾಗಿ ಟಕ್ ಅಂದರೆ ಸಾಕು, ನಾನು ಮಾತು ನಿಲ್ಲಿಸಿ ಆ ಕಡೆ ಕಿವಿ ಕೊಡುತ್ತೇನೆ. ನಾನು ಮಾತು ನಿಲ್ಲಿಸುವುದೆಂದರೆ ಸಣ್ಣ ವಿಷಯ ಅಲ್ಲ, ನನ್ನ ಹೆಂಡತಿಯನ್ನು ಕೇಳಿ.

೧. ಇಸ್ತ್ರಿ

ಆಗ ನನಗೆ ಇಪ್ಪತ್ತು ವರ್ಷ. ಕಲಬುರ್ಗಿಯ ಒಂದು ಕಚೇರಿಯಲ್ಲಿ ಕಾರಕೂನ, ಬ್ರಹ್ಮಪುರದಲ್ಲಿ ಒಂದು ಖೋಲಿ. ನಮ್ಮ ದೊಡ್ಡ ಸಾಹೇಬರು ಮಧ್ಯಾಹ್ನ ಊಟ ಮಾಡಿದ ಮೇಲೆ ಕಚೇರಿಗೆ ಬರುವ ಬದಲು ಕ್ಲಬ್ಬಿಗೆ ಹೋಗಿ ಬಿಲಿಯರ್ಡ್ಸ್ ಆಡುತ್ತಿದ್ದರು. ಕಾಗದಗಳನ್ನು ಅಲ್ಲಿಗೇ ಒಯ್ದು ಸಹಿ ಹಾಕಿಸಿಕೊಂಡು ಬರುವುದು ನನ್ನ ಕೆಲಸ.

ಹೊರಗೆ ಕಲಬುರ್ಗಿಯ ಬಿಸಿಲು. ನೆತ್ತಿಯ ಮೇಲೆ ರೊಟ್ಟಿ ಬೇಯಿಸಬಹುದು. ಕ್ಲಬ್ಬಿನ ಹಜಾರಕ್ಕೆ ಕಾಲಿಟ್ಟರೆ ಮಾತ್ರ ಬೇರೆ ಲೋಕ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿರುತ್ತಿದ್ದರು. ಆ ಒದ್ದೆ ಬೇರಿನ ವಾಸನೆ, ತಂಬಾಕಿನ ಹೊಗೆ, ನಡುವೆ ಕೆರೆಯಂತೆ ಹಾಸಿಕೊಂಡ, ಹಸಿರು ಬನಾತಿನ ಬಟ್ಟೆ ಬಿಗಿದ ಟೇಬಲ್ಲು. ಆನೆದಂತದ ಗುಂಡುಗಳು ಒಂದಕ್ಕೊಂದು ತಾಗಿದಾಗ ಟಕ್ ಎಂಬ ಸಪ್ಪಳ. ದೊಡ್ಡ ಸಪ್ಪಳ ಅಲ್ಲ. ಯಾರೋ ಹಿರಿಯರು ನಿಮ್ಮ ಮಾತಿಗೆ ಹೌದು ಅಂದ ಹಾಗೆ.

ಆ ಟೇಬಲ್ಲನ್ನು ನೋಡಿಕೊಳ್ಳುವ ಮಾರ್ಕರ್ ಒಬ್ಬರಿದ್ದರು, ಐವತ್ತರ ಆಸುಪಾಸಿನವರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ಮುಂಜಾನೆ ಎದ್ದು ಟೇಬಲ್ಲಿನ ನಾಲ್ಕು ಕಡೆ ತುಂಬಿದ ನೀರಿನ ಗ್ಲಾಸು ಇಟ್ಟು ಮಟ್ಟ ನೋಡುತ್ತಿದ್ದರು. ಮಧ್ಯಾಹ್ನ ಇದ್ದಲ ಇಸ್ತ್ರಿಪೆಟ್ಟಿಗೆ ಕಾಯಿಸಿ ಬನಾತಿಗೆ ಇಸ್ತ್ರಿ ಮಾಡುತ್ತಿದ್ದರು. ಬಿಸಿ ಉಣ್ಣೆಯ ಆ ವಾಸನೆ ನನಗೆ ಇವತ್ತಿಗೂ ಹಬ್ಬದ ವಾಸನೆ.

ಒಂದು ದಿನ ನನ್ನ ಅಂಗಿಯ ಮುದುರು ತೋರಿಸಿ ಕೇಳಿದೆ. "ಚಾಚಾ, ಹೆಂಗೂ ಪೆಟ್ಟಿಗಿ ಕಾದದ. ನನ್ನ ಅಂಗಿ ಮ್ಯಾಲೂ ಒಮ್ಮೆ ಆಡಿಸ್ರಲ್ಲ."

ಚಾಚಾ ತಲೆ ಎತ್ತಲಿಲ್ಲ. "ನಿನ್ನ ಅಂಗಿ ಮ್ಯಾಲ ಸಾಹೇಬರು ಆಡ್ತಾರೇನು ಬೇಟಾ?"

ನನಗೆ ಬೇಕಾಗಿದ್ದು ಇಸ್ತ್ರಿ ಅಲ್ಲ. ಆ ಟೇಬಲ್ಲಿನ ಮೇಲೆ ಒಂದೇ ಒಂದು ಗುಂಡು ಹೊಡೆಯಬೇಕು, ಅದು ಆ ತುದಿಯ ತನಕ ಹೋಗುವುದನ್ನು ನೋಡಬೇಕು, ಅಷ್ಟೇ. ಅದನ್ನೂ ಒಂದು ದಿನ ಬಾಯಿ ಬಿಟ್ಟು ಕೇಳಿದೆ.

"ಸಾಹೇಬರ ಹುಕುಂ ತಗೊಂಡು ಬಾ," ಅಂದರು ಚಾಚಾ. "ಅವತ್ತ ನಾನ ಗುಂಡು ಒರೆಸಿ ನಿನ್ನ ಕೈಯಾಗ ಇಡ್ತೀನಿ. ಹುಕುಂ ಇಲ್ಲದ ಮುಟ್ಟಿದ್ಯೋ, ನಿನಗೂ ಇಸ್ತ್ರಿ ಮಾಡ್ತೀನಿ. ಅಂಗಿ ಬಿಚ್ಚದ."

೨. ನಲವತ್ತು ವರ್ಷದ ಅನುಭವ

ಕಚೇರಿಯಲ್ಲಿ ನನ್ನ ಪಕ್ಕಕ್ಕೆ ಕೂಡುವವನು ಕಮಲಾಪುರದ ಗೌಡರ ಮಗ. ನಾವೆಲ್ಲ ಅವನನ್ನೇ ಗೌಡ ಅನ್ನುತ್ತಿದ್ದೆವು. ಅವನಿಗೆ ನನ್ನ ಸಂಕಟ ಹೇಳಿಕೊಂಡೆ. ಆ ಹಸಿರು ಬನಾತಿನ ಕೆಳಗೆ ಇರುವುದು ಬರೀ ಕಲ್ಲಿನ ಹಾಸು ಅಂತಲೂ ಹೇಳಿದೆ.

ಗೌಡ ಲೇಖಣಿ ಕೆಳಗಿಟ್ಟ. "ಕಲ್ಲಾ? ಕಲ್ಲಿಗೆ ನಮ್ಮ ಕಡಿ ಏನು ಬರಗಾಲಲೇ? ನಮ್ಮ ವಾಡೇದಾಗ ದನ ಕಟ್ಟೂದೂ ಶಹಾಬಾದಿ ಕಲ್ಲಿನ ಮ್ಯಾಲನ."

ಗುರುವಾರ ಮಧ್ಯಾಹ್ನ ಗೌಡನ ಎತ್ತಿನ ದಮಣಿ ಹತ್ತಿದೆವು. ಶುಕ್ರವಾರ ಕಚೇರಿಗೆ ರಜೆ. ಕಮಲಾಪುರದ ವಾಡೆಯ ಪಡಸಾಲೆಯಲ್ಲಿ ಟೇಬಲ್ಲು ಕಟ್ಟುವುದೆಂದು ನಿಶ್ಚಯವಾಯಿತು. ಬಡಗಿ ಜಾಲಿಯ ಕಟ್ಟಿಗೆಯಲ್ಲಿ ಮೂರು ಗುಂಡು ತಿರುವಿಕೊಟ್ಟ. ಒಂದಕ್ಕೆ ಊರಿನ ಕೆಂಪು ಬಾಳೆಹಣ್ಣಿನ ಬಣ್ಣವನ್ನೇ ಹಚ್ಚಿದ. ನಾಲ್ಕು ಅಂಚಿಗೆ ರಬ್ಬರು ಸಿಗಲಿಲ್ಲ; ಹತ್ತಿ ತುಂಬಿದ ಉದ್ದನೆಯ ಲೋಡು ಹೊಲಿಸಿದೆವು. ಗುಂಡು ಹೋಗಿ ಬಡಿಯಿತೋ, ತಿರುಗಿ ಬರುತ್ತಿರಲಿಲ್ಲ. ಊಟ ಮುಗಿಸಿದ ಜಮೀನ್ದಾರನಂತೆ ಅಲ್ಲೇ ಒರಗಿಬಿಡುತ್ತಿತ್ತು.

ಕಲ್ಲು ಹಾಸಲು ಊರಿನ ಹಳೆಯ ಗೌಂಡಿಯನ್ನು ಕರೆಸಿದರು. ಅವನು ಎರಡು ದಿನ ಕೂತು ಕೆತ್ತಿ, ಸುಣ್ಣದ ಗಚ್ಚು ಹಾಕಿ, ಕನ್ನಡಿಯಂಥ ಹಾಸು ಕೂಡಿಸಿದ. ಬನಾತು ಬಿಗಿದೆವು. ಗೌಡ ಮೊದಲ ಗುಂಡನ್ನು ಮೆಲ್ಲಗೆ ನಡುವೆ ಇಟ್ಟ.

ಗುಂಡು ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ತನ್ನಷ್ಟಕ್ಕೆ ತಾನೇ ಎದ್ದು ಹೊರಟು, ಬಲಗಡೆಯ ಕೊನೆಯ ಮೂಲೆಗೆ ಹೋಗಿ ಅಲ್ಲಿನ ತೂತಿಗೆ ಕಟ್ಟಿದ ಜಾಳಿಗೆಯೊಳಗೆ ಇಳಿಯಿತು. ಇನ್ನೊಂದನ್ನು ಇಟ್ಟ. ಅದೂ ಹೋಯಿತು.

"ಏನೋ ಇದು?" ಅಂದ ಗೌಡ.

ಗೌಂಡಿಯ ಮುಖದಲ್ಲಿ ತೃಪ್ತಿ. "ಢಾಳ ಕೊಟ್ಟೀನ್ರಿ. ಬರೋಬ್ಬರಿ ಎರಡು ಬೆರಳು. ನೀರು ಸುರುವಿದ್ರ ಸೀದಾ ಬಚ್ಚಲದ ಕಡಿ ಇಳೀತದ."

"ಇದು ಆಟದ ಟೇಬಲ್ಲೋ ಮಾರಾಯ. ಇದರ ಮ್ಯಾಲ ನೀರು ಯಾಕ ಬರ್ತದ?"

"ನಲವತ್ತು ವರ್ಷ ಆತ್ರಿ ಗೌಡ್ರ. ನಾ ಹಾಸಿದ ಕಲ್ಲಿನ ಮ್ಯಾಲ ಒಂದು ಹನಿ ನೀರು ನಿಂತದ್ದು ಯಾರರ ನೋಡ್ಯಾರೇನು? ಮಳಿ ಕೇಳಿ ಬರ್ತದೇನ್ರಿ?"

"ಮಳಿ ಬಂದ್ರೂ ಮ್ಯಾಲ ಮಾಳಗಿ ಅದಲ್ಲೋ."

"ಮಾಳಗಿ ಯಾರು ಕಟ್ಟ್ಯಾರ?"

"ನಿಮ್ಮ ಅಣ್ಣ."

"ಅದಕ್ಕ ಹೇಳ್ದೆ," ಅಂದ ಗೌಂಡಿ.

೩. ಸುಣ್ಣದ ಡಬ್ಬಿ

ಆ ಮಳೆಗಾಲ ಮಾಳಿಗೆ ಸೋರಿತು. ಟೇಬಲ್ಲಿನ ಮೇಲೆ ಒಂದು ಹನಿ ನಿಲ್ಲಲಿಲ್ಲ. ಗೌಂಡಿ ಬಂದು ನೋಡಿಕೊಂಡು ಹೋದ.

ಕಲ್ಲನ್ನು ಕೀಳುವ ಮಾತು ಅಲ್ಲಿಗೆ ಮುಗಿಯಿತು. ನಾವೇ ಢಾಳಕ್ಕೆ ಹೊಂದಿಕೊಂಡೆವು. ಕೆಂಪು ಗುಂಡನ್ನು ಉರುಳದಂತೆ ಲೋಡಿಗೆ ಒರಗಿಸಿ ಇಡುವುದು; ಹೊಡೆಯುವ ಗುಂಡನ್ನು ಎಲ್ಲಿಗೆ ಕಳಿಸಬೇಕೋ ಅದಕ್ಕಿಂತ ನಾಲ್ಕು ಬೆರಳು ಎಡಕ್ಕೆ ಹೊಡೆಯುವುದು. ಉಳಿದ ದಾರಿಯನ್ನು ಅದೇ ನೋಡಿಕೊಳ್ಳುತ್ತಿತ್ತು. ಆ ಬಲಮೂಲೆಗೆ ಬಚ್ಚಲ ಮೂಲೆ ಅಂತಲೇ ಹೆಸರಾಯಿತು. ಎರಡು ವರ್ಷ, ಪ್ರತಿ ಶುಕ್ರವಾರ, ಮುಂಜಾನೆಯಿಂದ ದಮಣಿ ಕಟ್ಟುವ ಹೊತ್ತಿನ ತನಕ ಆಡಿದೆವು. ಕೆಂಪು ಬಾಳೆಹಣ್ಣು ತಿಂದ ಅಂಟುಗೈಯಲ್ಲೇ ಕೋಲು ಹಿಡಿಯುವುದು. ಆ ಕೋಲು ಬಾರಕೋಲಿನ ಕಟ್ಟಿಗೆಯದು. ನಾವು ಅದನ್ನು ಎತ್ತಿದಾಗಲೆಲ್ಲ ಅಂಗಳದಲ್ಲಿ ಕಟ್ಟಿದ ಎತ್ತುಗಳು ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದವು. ಕಟ್ಟಿಗೆಯ ಗುಂಡಿನ ಸಪ್ಪಳ ಟಕ್ ಅಲ್ಲ, ಡೊಕ್. ಆ ಡೊಕ್ ನನಗೆ ಬೇಕು ಅನ್ನಿಸುತ್ತದೆ ಈಗ. ಆಗ ಮಾತ್ರ ಹೊಡೆಯುತ್ತಿದ್ದಾಗಲೇ ಕ್ಲಬ್ಬಿನ ಟಕ್ ಬೇಕು ಅನ್ನಿಸುತ್ತಿತ್ತು.

ಕೋಲಿನ ತುದಿ ಜಾರದಂತೆ ಹಚ್ಚಲು ಖಡು, ಅಂದರೆ ಸೀಮೆಸುಣ್ಣ, ಇರಲಿಲ್ಲ. ಗೌಡನ ಅವ್ವನ ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ಎತ್ತಿಕೊಂಡು ಬರುತ್ತಿದ್ದೆವು. ಮೂರನೇ ಸಲ ಅವ್ವ ಪಡಸಾಲೆಗೇ ಬಂದು ನಿಂತರು.

"ನನ್ನ ಸುಣ್ಣ ಯಾರು ತಗೊಂಡೀರಿ?"

ನಾನು ಗೌಡನ ಕಡೆ ಕೈ ಮಾಡಿದೆ. ಗೌಡ ನನ್ನ ಕಡೆ ಕೈ ಮಾಡಿದ.

ಅವ್ವ ಇಬ್ಬರನ್ನೂ ನೋಡಿ, ಟೇಬಲ್ಲನ್ನೂ ನೋಡಿ ಹೇಳಿದರು. "ಎರಡು ವರ್ಷದಿಂದ ನೋಡ್ಲಾಕತ್ತೀನಿ. ಗುಂಡು ತಾನಾಗೇ ಆ ಮೂಲಿಗಿ ಹೋಗ್ತದ. ನಡುವ ನಿಮ್ಮದೇನು ಕೆಲಸ?"

೪. ಮಣಿಕಟ್ಟಿನ ಹಿಕ್ಮತ್ತು

ಒಂದು ಚಳಿಗಾಲದಲ್ಲಿ ನಮ್ಮ ದೊಡ್ಡ ಸಾಹೇಬರು ಊರೂರು ತಪಾಸಣೆಯ ದೌರೆಯ ಮೇಲೆ ಕಮಲಾಪುರಕ್ಕೇ ಬಂದರು. ಗೌಡರ ವಾಡೆಯಲ್ಲಿ ಬಿಲಿಯರ್ಡ್ಸ್ ಟೇಬಲ್ಲಿದೆ ಅಂತ ಯಾರೋ ಕಿವಿಗೆ ಹಾಕಿದರು. ಸಾಹೇಬರು ಕಾಗದ ಪತ್ರ ಬಿಟ್ಟು ಎದ್ದು ಬಂದರು. ಅವರು ಆಡಿದ್ದು ಚೆಂದದ ಉರ್ದು. ನಾನು ಕನ್ನಡದಲ್ಲಿ ಹೇಳಿದರೆ ಅರ್ಧ ಸೊಗಸು ಹೋಗುತ್ತದೆ, ಇರಲಿ.

ಢಾಳದ ವಿಷಯ ಗೌಡ ಹೇಳುವವನಿದ್ದ. ನಾನು ಅವನ ಕಾಲು ತುಳಿದೆ.

ಸಾಹೇಬರು ಗುರಿ ಇಟ್ಟು ಹೊಡೆದರು. ಗುಂಡು ಹೊರಟು, ನಡುದಾರಿಯಲ್ಲಿ ಮನಸ್ಸು ಬದಲಿಸಿ, ಬಚ್ಚಲ ಮೂಲೆಗೆ ಬಿತ್ತು. ಮತ್ತೆ ಹೊಡೆದರು. ಮತ್ತೆ ಬಚ್ಚಲು. ಆಮೇಲೆ ನಾನು ನಾಲ್ಕು ಬೆರಳು ಎಡಕ್ಕೆ ಹೊಡೆದೆ. ಗುಂಡು ಬಿಲ್ಲಿನಂತೆ ಬಾಗಿ ಹೋಗಿ ಕೆಂಪು ಗುಂಡನ್ನು ಕೆಡವಿತು.

ಸಾಹೇಬರು ಕೋಲು ಕೆಳಗಿಟ್ಟರು. "ಇಷ್ಟು ಬಾಗಿ ಹೋಗುವುದು ಹೇಗೆ?"

"ಮಣಿಕಟ್ಟಿನ ಹಿಕ್ಮತ್ತು, ಹುಜೂರ್. ಹೊಡೆಯುವಾಗ ಹಿಂಗ ಒಂದು ತಿರುವು," ಅಂತ ಕೈ ತಿರುವಿ ತೋರಿಸಿದೆ. ಯಾಕೆ ತೋರಿಸಿದೆನೋ. ನನ್ನ ಬಾಯಿ ಸುಳ್ಳು ಹೇಳಿದರೆ ಕೈ ಸುಮ್ಮನಿರುವುದಿಲ್ಲ.

ಸಾಹೇಬರು ಹತ್ತು ಸಲ ಹೊಡೆದು ಆ ತಿರುವು ಕಲಿತರು. ಕಲಿತ ಮೇಲೆ ಹೇಳಿದರು. "ಬರುವ ಶುಕ್ರವಾರ ಮಧ್ಯಾಹ್ನ ಕ್ಲಬ್ಬಿಗೆ ಬಾ. ನನ್ನ ಮಿತ್ರರ ಎದುರಿಗೆ ನೀನು ಆಡಬೇಕು. ಇದು ಹುಕುಂ."

ಹುಕುಂ. ನಾನು ಎರಡು ವರ್ಷ ಕಾದ ಶಬ್ದ ಅದು.

ಆ ವಾರ ಕಚೇರಿಯಲ್ಲಿ ಸಾಹೇಬರ ಸಹಿಗಳೆಲ್ಲ ಬಲಕ್ಕೆ ಬಾಗಿ ಕಾಗದದ ಮೂಲೆಗೆ ಇಳಿದು ಹೋಗಿದ್ದವು.

೫. ಚಾಚಾ ಗುಂಡು ಒರೆಸಿದ್ದು

ಶುಕ್ರವಾರ ಬಂತು. ಚಾಚಾ ನನ್ನನ್ನು ಬಾಗಿಲಲ್ಲೇ ಎದುರುಗೊಂಡರು. "ಹುಕುಂ ತಂದ್ಯಲ್ಲೋ ಬೇಟಾ." ಅವತ್ತು ಬನಾತಿಗೆ ಎರಡು ಸಲ ಇಸ್ತ್ರಿ ಮಾಡಿದ್ದರು. ಗುಂಡನ್ನು ತಮ್ಮ ಶೇರವಾನಿಯ ಅಂಚಿನಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟರು. ದಂತ ತಣ್ಣಗಿತ್ತು, ಆಮೇಲೆ ಮೆಲ್ಲಗೆ ನನ್ನ ಕೈಯಷ್ಟೇ ಬೆಚ್ಚಗಾಯಿತು.

ಗೋಡೆಯ ಗುಂಟ ಸಾಹೇಬರೂ ಅವರ ಮಿತ್ರರೂ ಕೂತಿದ್ದರು. ನಾನು ಬಾಗಿದೆ. ಗುರಿ ಹಿಡಿದೆ. ಹೊಡೆದೆ.

ಗುಂಡು ನೆಟ್ಟಗೆ ಹೋಯಿತು.

ಪಟ್ಟಿ ಹಿಡಿದು ಗೆರೆ ಎಳೆದಂತೆ, ಸಪ್ಪಳವಿಲ್ಲದೆ, ಆ ತುದಿಯ ತನಕ. ಹೋಗಿ ಅಂಚಿಗೆ ತಾಗಿ, ಅದೇ ಗೆರೆಯ ಮೇಲೆ ತಿರುಗಿ ನನ್ನ ಹತ್ತಿರವೇ ಬಂದು ನಿಂತಿತು. ಅಂಥ ಚೆಂದದ ನಡಿಗೆ ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಕೆಂಪು ಗುಂಡು ಮಾತ್ರ ಅಲ್ಲೇ ಇತ್ತು, ನಾಲ್ಕು ಬೆರಳು ಬಲಕ್ಕೆ.

ಎರಡನೇ ಸಲ ನೇರ ಹೊಡೆಯಬೇಕೆಂದು ಹಟ ಹಿಡಿದೆ. ಕೈ ಕೇಳಲಿಲ್ಲ. ನಾಲ್ಕು ಬೆರಳು ಎಡಕ್ಕೆ. ಮೂರನೇ ಸಲವೂ ಅಷ್ಟೇ. ಮಿತ್ರರಲ್ಲಿ ಒಬ್ಬರು ಕೆಮ್ಮಿದರು. ಇನ್ನೊಬ್ಬರು ನಗುವನ್ನು ರುಮಾಲಿನಲ್ಲಿ ಮುಚ್ಚಿಕೊಂಡರು.

ಆಗ ನನ್ನ ಬಾಯಿ ತೆರೆಯಿತು. "ಹುಜೂರ್, ತಪ್ಪು ತಿಳೀಬಾರದು. ಟೇಬಲ್ಲು ಸೊಟ್ಟ ಅದ."

ಚಾಚಾ ನನ್ನ ಮುಖ ನೋಡಿದರು. ಬೈಯಲಿಲ್ಲ. "ಮುಂಜಾನೆ ನೀರಿಟ್ಟು ನೋಡೀನಿ ಬೇಟಾ," ಅಂದರು, ಮೆಲ್ಲಗೆ.

ಸಾಹೇಬರು ಬೈದು ಹೊರಗೆ ಹಾಕುತ್ತಾರೆ ಅಂದುಕೊಂಡೆ. ಆದರೆ ಅವರು ಕುರ್ಚಿಯಿಂದ ಹಾರಿ ಎದ್ದರು. ಕಮಲಾಪುರದಿಂದ ಬಂದ ಮೇಲೆ ಅವರು ಮಣಿಕಟ್ಟು ತಿರುವಿ ತಿರುವಿ ಒಂದು ಆಟವನ್ನೂ ಗೆದ್ದಿರಲಿಲ್ಲ. "ಅದಕ್ಕೇ," ಅಂದರು. "ಅದಕ್ಕೇ ನಾನು ಈ ವಾರವೆಲ್ಲ ಸೋತೆ. ಕಮಲಾಪುರದ ಟೇಬಲ್ಲು ಕೂಡಿಸಿದವನು ಯಾರು? ಅವನನ್ನು ಕರೆಸಿ."

ಮೂರನೇ ದಿನ ಗೌಂಡಿ ಬಂದ. ಟೇಬಲ್ಲಿನ ಸುತ್ತ ಒಂದು ಸುತ್ತು ಹಾಕಿದ. ಮಟ್ಟಗೋಲು ಇಟ್ಟು ನೋಡಿ ತಲೆ ಅಲ್ಲಾಡಿಸಿದ.

"ಯಾರ್ರೀ ಇದನ್ನ ಹಾಸಿದವ್ರು? ಇದಕ್ಕ ಢಾಳನ ಇಲ್ಲ."

ಎಡಗಡೆಯ ಕಾಲುಗಳ ಕೆಳಗೆ ಶಹಾಬಾದಿ ಕಲ್ಲಿನ ಚಕ್ಕೆ ಬಡಿದು ಎರಡು ಬೆರಳು ಎತ್ತರಿಸಿದ. ಗಚ್ಚು ಹಾಕಿ ಭದ್ರ ಮಾಡಿದ. ಕೊನೆಗೆ ಕೈ ಒರೆಸಿಕೊಂಡು, "ಒಂದು ಚರಿಗಿ ನೀರು ಕೊಡ್ರಿ, ಸುರುವಿ ನೋಡೂಣು," ಅಂದ. ಚಾಚಾ ಎರಡೂ ಕೈ ಚಾಚಿ ಬನಾತಿನ ಮೇಲೆ ಬೋರಲು ಬಿದ್ದರು. ನೀರಿನ ಬದಲು ಗುಂಡು ಇಟ್ಟು ನೋಡಿದರು. ಅದು ಒಂದು ಗಳಿಗೆ ಯೋಚನೆ ಮಾಡಿ ಬಲಮೂಲೆಗೆ ಹೊರಟಿತು.

ಸಾಹೇಬರು ಮಣಿಕಟ್ಟು ತಿರುವಿ ಹೊಡೆದರು. ಗುಂಡು ಬಾಗಿತು. "ವಾಹ್," ಅಂದರು ಮಿತ್ರರೆಲ್ಲ. ಟೇಬಲ್ಲು ಸೊಟ್ಟ ಅಂತ ಸಾಹೇಬರ ಮುಂದೆ ಹೇಳುವ ಧೈರ್ಯ ಇದ್ದವನು ನಾನೊಬ್ಬನೇ, ನಾನು ಅದು ನೆಟ್ಟಗಿದ್ದಾಗಲೇ ಹೇಳಿ ಮುಗಿಸಿದ್ದೆ.

ಆಮೇಲೆ ನನಗೆ ಕೋಲು ಕೊಟ್ಟರು. ಒಂದೂ ತಪ್ಪಲಿಲ್ಲ. ಅವತ್ತಿನಿಂದ ನಾನು ಆ ಕ್ಲಬ್ಬಿನಲ್ಲಿ ಬೇಕಾದಷ್ಟು ಆಡಿದೆ, ಗೆದ್ದೆ, ಹೊಗಳಿಸಿಕೊಂಡೆ. ಟಕ್ ಅನ್ನುವ ಸಪ್ಪಳವೂ ಸಿಕ್ಕಿತು. ಆದರೆ ನನ್ನ ಕೋಲಿನಿಂದ ಗುಂಡು ನೆಟ್ಟಗೆ ಹೋದದ್ದನ್ನು ನಾನು ಜನ್ಮದಲ್ಲಿ ನೋಡಿದ್ದು ಮೂರೇ ಸಲ. ಹೊಡೆದವನೂ ನಾನೇ, ಅದು ಸೊಟ್ಟ ಅಂದವನೂ ನಾನೇ.

ನೀವು ನಗ್ತೀರಿ. ನಗ್ರಿ, ನಗಬೇಕು ಅಂತಲೇ ಹೇಳಿದ್ದು. ಈಗ ಇಷ್ಟು ಹೇಳಿದ ಬಾಯಿಗೆ ನೀವು ಒಂದು ಚಹಾ ಕೊಡಿಸಬೇಕು. ನಿಮ್ಮದೊಂದು, ನನ್ನದೊಂದು. ಹೋಟೆಲಿನ ಆ ಬಾಗಿಲ ಹತ್ತಿರದ ಬೆಂಚಿನ ಮೇಲೆ, ಬಿಳಿ ಗಡ್ಡ, ಇಸ್ತ್ರಿ ಮಾಡಿದ ಶೇರವಾನಿ, ಒಬ್ಬರು ಕೂತಿದ್ದಾರಲ್ಲ, ಅವರಿಗೂ ಒಂದು ಹೇಳ್ರಿ. ನಾನು ಹೇಳಿದೆ ಅನ್ನಬೇಡಿ ಮಾತ್ರ. ನನ್ನ ಹೆಸರು ಕಿವಿಗೆ ಬಿದ್ದರೆ ಕುಡಿಯುವುದಿಲ್ಲ.